ಎಂಟು ಚೀಟಿ

1998ರ ಒಂದು ಮಧ್ಯಾಹ್ನ ನಮ್ಮ ಕ್ವಾಲಿಟಿ ಕಂಟ್ರೋಲ್ ಪಾಠದ ಮೇಷ್ಟ್ರು ಇಡೀ ಕ್ಲಾಸನ್ನು ಮೆಕ್ಯಾನಿಕಲ್ ಬ್ಲಾಕಿನ ಎರಡನೇ ಮಹಡಿಗೆ ಕರೆದುಕೊಂಡು ಹೋಗಿ ಕಾಗದದ ಹೆಲಿಕಾಪ್ಟರ್ ಹಾರಿಸಿದ್ದು ನಮ್ಮ ಬ್ಯಾಚಿನವರಿಗೆಲ್ಲ ನೆನಪಿರಬೇಕು. ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಕತ್ತರಿಸಿ, ಮೇಲಿನ ಭಾಗ ಸೀಳಿ ಎರಡು ರೆಕ್ಕೆ ಮಡಚಿ, ಕೆಳಗೆ ಒಂದು ಜೆಮ್ ಕ್ಲಿಪ್. ಕೈಬಿಟ್ಟರೆ ಗಿರಗಿರ ತಿರುಗುತ್ತಾ ಇಳಿಯುತ್ತದೆ. ಆದಷ್ಟು ಜಾಸ್ತಿ ಹೊತ್ತು ಗಾಳಿಯಲ್ಲಿರಬೇಕು, ಅಷ್ಟೇ.

ಎಲ್ಲರೂ ಮಾಡುವ ಹಾಗೆ ನಾವೂ ಶುರು ಮಾಡಿದೆವು. ಮೊದಲು ರೆಕ್ಕೆ ಉದ್ದ ಮಾಡೋಣ, ಆಮೇಲೆ ಅಗಲ ನೋಡೋಣ, ಆಮೇಲೆ ಕ್ಲಿಪ್ ತೆಗೆಯೋಣ. ಒಂದೊಂದಾಗಿ. ಮೇಷ್ಟ್ರು ತಡೆದರು. "ಎರಡು ಉದ್ದ, ಎರಡು ಅಗಲ, ಕ್ಲಿಪ್ ಇರೋದು ಒಂದು, ಇಲ್ಲದ್ದು ಒಂದು. ಒಟ್ಟು ಎಷ್ಟು ಥರ ಆಗುತ್ತೆ? ಎಂಟು. ಎಂಟನ್ನೂ ಮಾಡ್ರಪ್ಪ." ಮಾಡಿದೆವು. ಆಮೇಲೆ ಎಂಟು ಚೀಟಿ ಬರೆಸಿ, ಮಡಚಿಸಿ, ಒಬ್ಬೊಬ್ಬರಿಂದ ಎತ್ತಿಸಿ, ಯಾವ ಚೀಟಿ ಬಂತೋ ಅದೇ ಹೆಲಿಕಾಪ್ಟರ್ ಬಿಡಬೇಕು ಅಂದರು. ಕೆಳಗೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಸಾಲಾಗಿ ಬಿಟ್ಟರೆ ಬೇಗ ಮುಗಿಯುತ್ತಿತ್ತು ಅಲ್ವಾ?

ಮರುದಿನ ಬೋರ್ಡಿನ ಮೇಲೆ ಪ್ಲಸ್ಸು ಮೈನಸ್ಸುಗಳ ಕೋಷ್ಟಕ ಬಂತು. ಎಂಟರಲ್ಲಿ ನಾಲ್ಕಕ್ಕೆ ಉದ್ದ ರೆಕ್ಕೆ, ನಾಲ್ಕಕ್ಕೆ ಗಿಡ್ಡ ರೆಕ್ಕೆ. ಈ ನಾಲ್ಕರ ಸರಾಸರಿಯಿಂದ ಆ ನಾಲ್ಕರ ಸರಾಸರಿ ಕಳೆದರೆ ರೆಕ್ಕೆ ಏನು ಮಾಡಿತು ಅಂತ ಗೊತ್ತಾಗುತ್ತದೆ. ಅದೇ ಎಂಟು ಅಂಕಿಗಳನ್ನು ಬೇರೆ ಥರ ಗುಂಪು ಮಾಡಿದರೆ ಕ್ಲಿಪ್ಪಿನ ಉತ್ತರ, ಇನ್ನೊಂದು ಥರ ಮಾಡಿದರೆ ಅಗಲದ್ದು. ಒಂದೊಂದನ್ನೇ ಬದಲಿಸುತ್ತಾ ಹೋಗಿ ಇಷ್ಟೇ ನಂಬಿಕೆಯ ಉತ್ತರ ಬೇಕು ಅಂದರೆ ಎಂಟು ಸಾಲದು, 16 ಸಲ ಬಿಡಬೇಕು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಹೊಲದ ಗೊಬ್ಬರದ ಲೆಕ್ಕ ಮಾಡುತ್ತಾ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಕಟ್ಟಿದ ದಾರಿ ಇದು. ಗೊಬ್ಬರದ ಜಾಗದಲ್ಲಿ ಫ್ಯಾಕ್ಟರಿಯ ಶಾಖ, ಒತ್ತಡ, ಸಮಯ ಬಂದು ಕೂತವು.

ಮೇಷ್ಟ್ರ ಮುಖ ಅರಳುತ್ತಿದ್ದದ್ದು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಹೆಸರು ಬಂದಾಗ. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಬದಲಿಸಬೇಕಾದ ಅಂಶಗಳು ಏಳು ಇದ್ದರೆ ಎಲ್ಲ ಜೋಡಣೆಗಳೂ ಸೇರಿ 128 ಟ್ರಯಲ್ ಆಗುತ್ತದೆ, ಯಾವ ಫ್ಯಾಕ್ಟರಿ ಒಪ್ಪುತ್ತದೆ? ಸರಿಯಾಗಿ ಆರಿಸಿದರೆ ಅದರಲ್ಲಿ 8 ಸಾಕು. ಆದರೆ ಒಂದಕ್ಕೊಂದು ಹೆಣೆದುಕೊಂಡ ಪರಿಣಾಮಗಳು ಆಗ ಬೇರೆ ಬೇರೆಯಾಗಿ ಕಾಣುವುದಿಲ್ಲ, ಅದು ಕೊಡಬೇಕಾದ ಬೆಲೆ. ಹಾಗೆ ಆರಿಸುವ ಆರ್ಥಾಗನಲ್ ಅರೇ ಎಂಬ ಗಣಿತವನ್ನು ರಾವ್ 1940ರ ದಶಕದಲ್ಲಿ ಕಟ್ಟಿಕೊಟ್ಟರು. ಮುಂದೆ ಇವೇ ಕೋಷ್ಟಕಗಳನ್ನು ಫ್ಯಾಕ್ಟರಿಗಳಲ್ಲಿ ಮನೆಮಾತು ಮಾಡಿದ ಜಪಾನಿನ ಟಾಗುಚಿ, 1954-55ರಲ್ಲಿ ರಾವ್ ಇದ್ದ ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದು ಹೋಗಿದ್ದರು. 2023ರಲ್ಲಿ ರಾವ್ ತೀರಿಕೊಂಡ ಸುದ್ದಿ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಸೀಮೆಸುಣ್ಣದ ಆ ಪ್ಲಸ್ಸು ಮೈನಸ್ಸುಗಳೇ.

ಪಾಸಾದ ಮೇಲೆ ಕೆಲಸ ಸಿಕ್ಕಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ, ಕರಗಿಸಿದ ಲೋಹವನ್ನು ಉಸುಕಿನ ಅಚ್ಚಿಗೆ, ಅಂದರೆ ಮೋಲ್ಡಿಗೆ, ಸುರಿದು ಎರಕ ಹೊಯ್ಯುವ ಕಡೆ. ನಾನು ಸೇರುವಾಗಲೇ ಅಲ್ಲಿ ಒಂದು ಕಾಸ್ಟಿಂಗ್ ಎಲ್ಲರ ನಿದ್ದೆ ಕೆಡಿಸಿತ್ತು. ಮೋಲ್ಡಿನ ಉಸುಕು ಉದುರಿ ಲೋಹದೊಳಗೆ ಸೇರಿಬಿಡುತ್ತಿತ್ತು. ಉಸುಕಿಗೆ ನೀರು ಜಾಸ್ತಿ ಮಾಡಿ ನೋಡಿದ್ದರು, ಲೋಹದಲ್ಲಿ ತೂತು (ಬ್ಲೋಹೋಲ್) ಬಂತು, ವಾಪಸ್ ತಂದರು. ಉಸುಕನ್ನು ಹಿಡಿದಿಡುವ ಬೆಂಟೋನೈಟ್ ಎಂಬ ಜೇಡಿ ಜಾಸ್ತಿ ಮಾಡಿದರು, ಅಂಚು ಆಗಲೂ ಉದುರಿತು, ವಾಪಸ್. ಮಿಕ್ಸಿಂಗ್ ಟೈಮ್ ಜಾಸ್ತಿ ಮಾಡಿದರು, ಏನೂ ಫರಕಾಗಲಿಲ್ಲ. ಮೂರೂ ಮಾಡಿ ನೋಡಿ ಆಯ್ತು, ಯಾವುದರಿಂದಲೂ ಪ್ರಯೋಜನವಿಲ್ಲ ಅಂತ ರಿಜಿಸ್ಟರಿನಲ್ಲಿ ಬರೆದಿತ್ತು. ಅದನ್ನು ಓದಿದ ಕೂಡಲೇ ನನಗೆ ಹೆಲಿಕಾಪ್ಟರ್ ಬಿಟ್ಟ ಆ ಎರಡನೇ ಮಹಡಿ ನೆನಪಾಯಿತು.

ಎಂಟು ಟ್ರಯಲ್‌ಗೆ ಮ್ಯಾನೇಜರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಕೆಡುತ್ತದೆ ಅಂತ ಗೊತ್ತಿದ್ದೂ ಕೆಲವು ಮೋಲ್ಡ್ ಯಾಕೆ ತುಂಬಬೇಕು ಅಂತ ಅವರ ಪ್ರಶ್ನೆ, ತಪ್ಪೇನಿಲ್ಲ. ಕೊನೆಗೆ ಎರಡು ದಿನ ಕೊಟ್ಟರು. ಚೀಟಿ ಬರೆದೆ. ಎತ್ತಿದವರು ಉಸುಕಿನ ವಿಭಾಗದ ಹಿರಿಯರು, ಎಲ್ಲರಿಗೂ ಅವರು ಕಾಕಾ. ಚೀಟಿ ಯಾಕೆ ಬೇಕು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಅಲ್ಲೇ. ಒಮ್ಮೆ ಬಳಸಿದ ಉಸುಕು ಮತ್ತೆ ಮಿಕ್ಸರಿಗೆ ಬರುತ್ತದಲ್ಲ, ಹೊತ್ತು ಏರಿದಂತೆ ಅದು ಬಿಸಿಯಾಗುತ್ತಾ ಹೋಗುತ್ತದೆ, ಬಿಸಿ ಉಸುಕಿನಲ್ಲಿ ನೀರು ನಿಲ್ಲುವುದಿಲ್ಲ. ಕಡಿಮೆ ನೀರಿನ ಟ್ರಯಲ್ ಎಲ್ಲ ಬೆಳಿಗ್ಗೆ, ಜಾಸ್ತಿ ನೀರಿನದೆಲ್ಲ ಮಧ್ಯಾಹ್ನ ಮಾಡಿದ್ದರೆ ನಾವು ಅಳೆಯುತ್ತಿದ್ದದ್ದು ನೀರನ್ನೋ ಬಿಸಿಯನ್ನೋ, ದೇವರಿಗೇ ಗೊತ್ತು.

ಪ್ರತಿ ಟ್ರಯಲ್‌ಗೂ ಕಾಕಾ ಒಂದು ಹಿಡಿ ಉಸುಕು ತೆಗೆದು ಮುಷ್ಟಿಯಲ್ಲಿ ಒತ್ತುತ್ತಿದ್ದರು. ಉಂಡೆಯ ಮೇಲೆ ಬೆರಳಿನ ಗೆರೆ ಮೂಡಬೇಕು, ಅಂಗೈಗೆ ಅಂಟಬಾರದು, ಮುರಿದರೆ ಅಂಚು ಚೂಪಾಗಿ ನಿಲ್ಲಬೇಕು. ಬೆಂಟೋನೈಟ್ ಜಾಸ್ತಿ ಹಾಕಿ ನೀರು ಕಡಿಮೆ ಇದ್ದ ಉಂಡೆ ಅವರ ಕೈಯಲ್ಲೇ ಪುಡಿಯಾಯಿತು. ಎರಡನೇ ದಿನ ಮೂರೂ ಜಾಸ್ತಿ ಇದ್ದ ಚೀಟಿ ಬಂತು. ಕಾಕಾ ಉಂಡೆ ಮುರಿದರು, ಎರಡು ತುಂಡನ್ನೂ ನನ್ನ ಮುಂದೆ ಹಿಡಿದರು. "ಸಾಹೇಬ್ರ, ಇದ ನೋಡ್ರಿ ಉಸುಕಂದ್ರ."

ಜೇಡಿಗೆ ನೀರು ಬೇಕು, ಆ ನೀರು ಕುಡಿದ ಜೇಡಿ ಒಂದೊಂದು ಕಾಳಿಗೂ ಮೆತ್ತಿಕೊಳ್ಳಲು ಮಿಕ್ಸರಿನಲ್ಲಿ ಸಮಯ ಬೇಕು. ಜೇಡಿ ಕಡಿಮೆ ಇದ್ದಾಗ ಹಾಕಿದ ನೀರು ಹಿಡಿದುಕೊಳ್ಳುವವರಿಲ್ಲದೆ ಉಳಿದು, ಬಿಸಿ ಲೋಹ ತಾಗಿದಾಗ ಆವಿಯಾಗಿ ತೂತು ಬೀಳಿಸುತ್ತದೆ. ಒಂದೊಂದಾಗಿ ಬದಲಿಸಿದ್ದಾಗ ಮೂರೂ ಸೋತಿದ್ದವು, ಮೂರೂ ಒಟ್ಟಿಗೆ ಬದಲಾದಾಗ ಗೆದ್ದವು. ಮೇಷ್ಟ್ರು ಇಂಟರ್‌ಆಕ್ಷನ್ ಅಂತ ಬೋರ್ಡಿನ ಮೇಲೆ ಬರೆದು ಎರಡು ಸಲ ಗೆರೆ ಎಳೆದಿದ್ದರಲ್ಲ, ಅದು ಇದೇ.

ಅವತ್ತು ರಾತ್ರಿ ಎಸ್‌ಟಿಡಿ ಬೂತಿನಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. ಮೀಟರ್ ಓಡುತ್ತಿತ್ತು, ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಚೀಟಿ ಎತ್ತಿಸಿದ್ಯಾ?" ಅಂದರು.

"ಎತ್ತಿಸಿದೆ ಸರ್."

"ಮತ್ತೊಂದು ಸಲ ಮಾಡಿದ್ರಾ?"

"ಇಲ್ಲ ಸರ್, ಒಂದೇ ಸಲ."

"ಹಾಗಾದ್ರೆ ಇನ್ನೂ ಯಾರಿಗೂ ಹೇಳಬೇಡಪ್ಪ."

ಮುಂದಿನ ಸೋಮವಾರ ಬೆಳಿಗ್ಗೆ ಮತ್ತೆ ಎಂಟು ಚೀಟಿ ಮಡಚಿ ಕಾಕಾನ ಮುಂದೆ ಹಿಡಿದೆ.