‘ಶಾಶ್ವತವಾಗಿ’ ಎಂದು ಬರೆದವಳು ನಾನೇ

ಹನುಮಂತನಗರದ ಒಬ್ಬ ಹಿರಿಯರ ಮೊಬೈಲಿಗೆ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಕಂಪನಿಯಿಂದ ಒಂದು ಸಂದೇಶ ಹೋಯಿತು. ಮೊದಲು ಅವರ ಹೆಂಡತಿಯ ಹೆಸರು, ಆಮೇಲೆ ‘ಇವರ ಸಕ್ಕರೆ ಕಾಯಿಲೆಯ ಮಾತ್ರೆ ಇನ್ನು ಐದು ದಿನಕ್ಕೆ ಮುಗಿಯುತ್ತದೆ, ಈಗಲೇ ತರಿಸಿಕೊಳ್ಳಿ’ ಎಂಬ ಸಾಲು. ಆಕೆ ತೀರಿಕೊಂಡು ಮೂರು ತಿಂಗಳಾಗಿತ್ತು. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಅವರು ಆ್ಯಪ್ ತೆರೆದು, ಕುಟುಂಬದ ಸದಸ್ಯರ ಪಟ್ಟಿಯಿಂದ ಆಕೆಯ ಹೆಸರನ್ನು ತೆಗೆದಿದ್ದರು. ಆಗ ಪರದೆಯ ಮೇಲೆ ಮೂಡಿದ್ದು ಇದು: ‘ಖಚಿತವೇ? ಈ ಸದಸ್ಯರ ಎಲ್ಲ ಮಾಹಿತಿಯೂ ಶಾಶ್ವತವಾಗಿ ಅಳಿಸಿಹೋಗುತ್ತದೆ.’

ಆ ವಾಕ್ಯ ನನ್ನದು. ನಮ್ಮ ತಂಡದಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ ಆದ್ದರಿಂದ ಆ್ಯಪಿನ ಕನ್ನಡ ಪಠ್ಯವನ್ನು ತಿದ್ದುವ ಕೆಲಸ ನನಗೆ ಬಂದಿತ್ತು. ಯಂತ್ರ ಮಾಡಿಕೊಟ್ಟ ಅನುವಾದ ಒರಟಾಗಿತ್ತು. ಒಂದು ಮಧ್ಯಾಹ್ನ ಕುಳಿತು ಇನ್ನೂರು ವಾಕ್ಯಗಳನ್ನು ತಿದ್ದಿದೆ, ‘ಶಾಶ್ವತವಾಗಿ’ ಎಂಬ ಪದವನ್ನು ನಾನೇ ಆರಿಸಿದೆ. ಓದುವುದಕ್ಕೆ ಸರಾಗವಾಗಿದೆಯೇ ಎಂದು ನೋಡಿದೆನೇ ಹೊರತು, ಅದು ನಿಜವೇ ಎಂದು ನೋಡಲಿಲ್ಲ. ನೋಡಬೇಕಾದವಳೂ ನಾನೇ ಆಗಿದ್ದೆ, ಏಕೆಂದರೆ ಆ ಗುಂಡಿಯನ್ನು ಒತ್ತಿದಾಗ ಸರ್ವರಿನಲ್ಲಿ ಓಡುವ ಕೋಡ್ ನಮ್ಮ ತಂಡದ್ದು.

ಮನೆಗೆ ಔಷಧ ತಲುಪಿಸುವ ಕಂಪನಿ ನಮ್ಮದು. ಕಚೇರಿ ಬೆಳ್ಳಂದೂರಿನ ಬಳಿ ಹೊರವರ್ತುಲ ರಸ್ತೆಯಲ್ಲಿದೆ. ಗ್ರಾಹಕರ ಕರೆಗಳು ಎಂಜಿನಿಯರುಗಳ ಮಹಡಿಗೆ ಬರುವುದಿಲ್ಲ, ಟಿಕೆಟ್ ಆಗಿ, ಅಂದರೆ ಬರೆದಿಟ್ಟ ದೂರಾಗಿ, ಮಾತ್ರ ಬರುತ್ತವೆ. ಆ ದಿನ ಗ್ರಾಹಕ ಸೇವೆಯ ಹುಡುಗಿ ಟಿಕೆಟ್ ಬರೆದು ಸುಮ್ಮನಾಗದೆ ಮೆಟ್ಟಿಲು ಹತ್ತಿ ನನ್ನ ಮೇಜಿನ ತನಕ ಬಂದಳು. ‘ಮೇಡಂ, ಅವರು ಬೈದಿದ್ದರೆ ನಾನು ಬರುತ್ತಿರಲಿಲ್ಲ. ಬೈಯಲೇ ಇಲ್ಲ. ಅವಳ ಹೆಸರು ಇನ್ನೂ ನಿಮ್ಮಲ್ಲಿ ಇದೆಯೇ ಎಂದಷ್ಟೇ ಕೇಳಿದರು’ ಎಂದಳು.

ಡೇಟಾಬೇಸ್ ತೆರೆದು ನೋಡಿದರೆ ಆಕೆಯ ಸಾಲು ಇದ್ದ ಹಾಗೆಯೇ ಇತ್ತು. ಹೆಸರು, ವಯಸ್ಸು, ವೈದ್ಯರ ಚೀಟಿಯ ಚಿತ್ರ, ಮಾತ್ರೆಗಳ ಪಟ್ಟಿ, ಎಲ್ಲವೂ. ಕೊನೆಯ ಕಾಲಂನಲ್ಲಿ ಮಾತ್ರ ಸೊನ್ನೆ ಇದ್ದ ಜಾಗಕ್ಕೆ ಒಂದು ಬಂದಿತ್ತು. ಇದನ್ನು ನಮ್ಮ ವೃತ್ತಿಯಲ್ಲಿ ಸಾಫ್ಟ್ ಡಿಲೀಟ್ ಎನ್ನುತ್ತೇವೆ. ಸಾಲನ್ನು ತೆಗೆಯುವುದಿಲ್ಲ, ‘ಇದನ್ನು ತೋರಿಸಬೇಡ’ ಎಂದು ಗುರುತು ಹಾಕುತ್ತೇವೆ. ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಹಳೆಯ ಆರ್ಡರುಗಳು ಆ ಸಾಲಿಗೆ ಕೊಂಡಿ ಹಾಕಿಕೊಂಡಿರುತ್ತವೆ, ಸಾಲನ್ನು ಕಿತ್ತರೆ ಅವು ಅನಾಥವಾಗುತ್ತವೆ. ಯಾರೋ ಕೈತಪ್ಪಿ ಅಳಿಸಿದರೆ ಮರಳಿ ತರಬಹುದು. ಈ ಕ್ಷೇತ್ರಕ್ಕೆ ಬಂದ ಮೊದಲ ವರ್ಷದಲ್ಲೇ ಹಿರಿಯರು ಇದನ್ನು ಕಲಿಸುತ್ತಾರೆ. ನಾನೂ ಕಿರಿಯರಿಗೆ ಇದನ್ನೇ ಕಲಿಸಿದ್ದೇನೆ.

ಆದರೆ ಆ ಗುರುತನ್ನು ನೋಡುವ ಅಭ್ಯಾಸ ಎಲ್ಲ ಪ್ರೋಗ್ರಾಮುಗಳಿಗೂ ಇರಬೇಕಲ್ಲ. ಮಾತ್ರೆ ಮುಗಿಯುತ್ತದೆ ಎಂಬ ನೆನಪೋಲೆ ಕಳುಹಿಸುವ ಸೇವೆಯನ್ನು ಬೇರೊಂದು ತಂಡ ಕಟ್ಟಿತ್ತು. ಮುಖ್ಯ ಡೇಟಾಬೇಸಿಗೆ ಹೊರೆಯಾಗಬಾರದೆಂದು ಅದು ಹೆಸರು, ಫೋನ್ ಸಂಖ್ಯೆ, ಮಾತ್ರೆ, ಮುಗಿಯುವ ದಿನ ಇಷ್ಟನ್ನೂ ತನ್ನದೇ ಕೋಷ್ಟಕದಲ್ಲಿ ನಕಲು ಮಾಡಿಟ್ಟುಕೊಂಡಿತ್ತು. ಹೊಸ ಸದಸ್ಯರು ಸೇರಿದ ಸುದ್ದಿ ಅದಕ್ಕೆ ತಲುಪುತ್ತಿತ್ತು. ಸದಸ್ಯರು ಹೋದ ಸುದ್ದಿ ತಲುಪುತ್ತಿರಲಿಲ್ಲ. ಅದನ್ನು ತಲುಪಿಸಬೇಕೆಂದು ಯಾರೂ ಹೇಳಿರಲಿಲ್ಲ.

ಕ್ಷಮೆ ಕೇಳುವುದಕ್ಕೆ ಸಿದ್ಧ ಪತ್ರದ ನಮೂನೆಯೊಂದು ಇದೆ, ಅದನ್ನು ಕಳುಹಿಸಿದರೆ ಸಾಕು ಎಂದು ಮ್ಯಾನೇಜರ್ ಹೇಳಿದರು. ನನ್ನ ಮನೆ ಗಿರಿನಗರದಲ್ಲಿ, ಹನುಮಂತನಗರ ಕೂಗಳತೆಯಲ್ಲಿದೆ. ವಿಳಾಸವೂ ಡೇಟಾಬೇಸಿನಲ್ಲಿತ್ತು, ಅಲ್ಲಿಂದ ತೆಗೆದುಕೊಳ್ಳಲು ಮಾತ್ರ ಮನಸ್ಸು ಒಪ್ಪಲಿಲ್ಲ. ಫೋನ್ ಮಾಡಿ, ಬರಬಹುದೇ ಎಂದು ಕೇಳಿದೆ. ರಾಮಾಂಜನೇಯ ಗುಡ್ಡದ ಕೆಳಗಿನ ರಸ್ತೆ ಎಂದು ಅವರೇ ಗುರುತು ಹೇಳಿದರು. ಶನಿವಾರ ಬೆಳಿಗ್ಗೆ ಹೋದೆ.

ಅವರು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕಾಫಿ ತಾವೇ ಮಾಡಿಕೊಟ್ಟರು. ನಾನು ಗುರುತು, ಕಾಲಂ, ನಕಲು ಎಂದು ವಿವರಿಸುತ್ತಿದ್ದಂತೆ ಅರ್ಧದಲ್ಲೇ ಕೈಯೆತ್ತಿ ತಡೆದರು.

‘ಅರ್ಥವಾಯಿತಮ್ಮ. ಲೆಡ್ಜರಿನಲ್ಲಿ ನಾವೂ ಹಾಳೆ ಹರಿಯುತ್ತಿರಲಿಲ್ಲ. ತಪ್ಪು ನಮೂದಾಗಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತಿದ್ದೆವು. ಹರಿಯುವುದು ಅಪರಾಧ.’

‘ಹೌದು ಸರ್, ಹೆಚ್ಚುಕಡಿಮೆ ಅದೇ’ ಎಂದೆ. ಒಳಗೊಳಗೆ ಸ್ವಲ್ಪ ಸಮಾಧಾನವೂ ಆಯಿತು.

‘ಆದರೆ ನಾವು ಗೆರೆ ಎಳೆದಿದ್ದೇವೆ ಎಂದೇ ಹೇಳುತ್ತಿದ್ದೆವು. ಹರಿದುಹಾಕಿದ್ದೇವೆ ಎಂದು ಗ್ರಾಹಕರಿಗೆ ಹೇಳುತ್ತಿರಲಿಲ್ಲ.’

ನಾನು ಈ ಬರಹ ಬರೆಯುತ್ತಿರುವುದು ಆ ಮಾತಿನ ಕಾರಣಕ್ಕೆ. ಸಾಫ್ಟ್ ಡಿಲೀಟ್ ತಪ್ಪೋ ಸರಿಯೋ ಎಂಬುದು ಎಂಜಿನಿಯರುಗಳ ಚರ್ಚೆ. ಗುಂಡಿಯ ಮೇಲೆ ಬರೆದ ಮಾತು ಸುಳ್ಳಾಗಿದ್ದರೆ ಆ ಚರ್ಚೆಗೆ ಅರ್ಥವಿಲ್ಲ.

ಸೋಮವಾರದಿಂದ ಹುಡುಕಲು ತೊಡಗಿದೆ. ಅವರ ಒಪ್ಪಿಗೆ ಪಡೆದು, ಆಕೆಯ ಹೆಸರು ನಮ್ಮಲ್ಲಿ ಎಲ್ಲೆಲ್ಲಿ ಇದೆ ಎಂದು ಪಟ್ಟಿ ಮಾಡಿದೆ. ಮುಖ್ಯ ಡೇಟಾಬೇಸ್, ಅದರ ಪ್ರತಿಬಿಂಬ, ನೆನಪೋಲೆಯ ಕೋಷ್ಟಕ ಇವು ನಿರೀಕ್ಷಿತವೇ. ಆ್ಯಪಿನ ಒಳಗಿನ ಹುಡುಕಾಟಕ್ಕಾಗಿ ಕಟ್ಟಿದ ಸೂಚಿಯಲ್ಲಿ ಒಂದು ಪ್ರತಿ ಇತ್ತು. ಮಾರಾಟದ ಲೆಕ್ಕಾಚಾರ ಮಾಡುವ ದತ್ತಾಂಶ ಕಣಜದಲ್ಲಿ ಎರಡು ಪ್ರತಿಗಳಿದ್ದವು, ಏಕೆಂದರೆ ಯಾರೋ ಒಂದು ಪ್ರಯೋಗಕ್ಕೆಂದು ಇಡೀ ಕೋಷ್ಟಕವನ್ನೇ ನಕಲು ಮಾಡಿ ಮರೆತಿದ್ದರು. ಸಂದೇಶ ಕಳುಹಿಸುವ ಹೊರಗಿನ ಕಂಪನಿಯ ಬಳಿ ಹೆಸರೂ ಮಾತ್ರೆಯ ಹೆಸರೂ ಇದ್ದವು. ಮಾತ್ರೆಯ ಹೆಸರು ಅವರಿಗೆ ಏಕೆ ಹೋಗಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಇನ್ನು ಲಾಗ್ ಕಡತಗಳು, ಅಂದರೆ ಪ್ರೋಗ್ರಾಮು ಏನೇನು ಮಾಡಿತು ಎಂದು ತಾನೇ ಬರೆದಿಡುವ ದಿನಚರಿ. ಒಂದು ದೋಷವನ್ನು ಹಿಡಿಯಲೆಂದು ಎರಡು ವರ್ಷಗಳ ಹಿಂದೆ ಯಾರೋ ಸೇರಿಸಿದ ಒಂದು ಸಾಲು ಪ್ರತಿ ಆರ್ಡರನ್ನೂ ಸಂಪೂರ್ಣವಾಗಿ ಲಾಗಿಗೆ ಸುರಿಯುತ್ತಿತ್ತು. ಆ ಯಾರೋ ಯಾರೆಂದು ಕೋಡಿನ ಬದಲಾವಣೆಗಳ ಇತಿಹಾಸ ತೆಗೆದು ನೋಡಿದೆ. ನಾನೇ. ಕೊನೆಗೆ ಒಂದು ಎಕ್ಸೆಲ್ ಹಾಳೆ, ನಗರದ ಮಧುಮೇಹಿ ಗ್ರಾಹಕರ ಪಟ್ಟಿ, ಮಾರುಕಟ್ಟೆ ವಿಭಾಗದ ಒಬ್ಬರ ಲ್ಯಾಪ್‌ಟಾಪಿನಲ್ಲಿ. ಅವರು ಕೆಲಸ ಬಿಟ್ಟು ಹೋಗುವಾಗ ಲ್ಯಾಪ್‌ಟಾಪ್ ಹಿಂದಿರುಗಿಸಿದ್ದರು, ಹಾಳೆಯನ್ನು ಅದಕ್ಕೂ ಮೊದಲೇ ಇನ್ನಿಬ್ಬರಿಗೆ ಇಮೇಲ್ ಮಾಡಿದ್ದರು.

ಬ್ಯಾಕಪ್‌ಗಳ ಮಾತು ಬೇರೆ. ಪ್ರತಿದಿನದ ಪ್ರತಿಯನ್ನು ಮೂವತ್ತೈದು ದಿನ ಇಟ್ಟುಕೊಳ್ಳುತ್ತೇವೆ. ಅದರೊಳಗಿಂದ ಒಬ್ಬರ ಸಾಲನ್ನು ಮಾತ್ರ ಕಿತ್ತು ತೆಗೆಯಲು ಆಗುವುದಿಲ್ಲ.

ನಮ್ಮ ಊಟದ ಮೇಜಿನಲ್ಲಿ ಗೌಪ್ಯತೆಯ ಬಗ್ಗೆ ಬಿಸಿ ಬಿಸಿ ವಾದಗಳು ಮೊದಲಿನಿಂದಲೂ ನಡೆಯುತ್ತಿದ್ದವು. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಹೊಸ ಗೌಪ್ಯತಾ ನೀತಿಯನ್ನು ಮುಂದಿಟ್ಟಾಗ ತಂಡದ ಅರ್ಧ ಜನ ಸಿಗ್ನಲ್ ಎಂಬ ಬೇರೆ ಸಂದೇಶ ಆ್ಯಪ್ ಹಾಕಿಕೊಂಡರು. ಅದೇ ನೀತಿಯ ವಿಚಾರದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿದ ದಿನ, ಇಷ್ಟು ಸಾಲದು ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು. ಆ ಮಾತನ್ನು ಈಗಲೂ ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಅವತ್ತು ಊಟ ಮುಗಿಸಿ ನಾನು ಹೋಗಿ ಕುಳಿತದ್ದು ಸಾವಿರಾರು ರೋಗಿಗಳ ಮಾತ್ರೆಗಳ ಹೆಸರನ್ನು ಲಾಗಿಗೆ ಸುರಿಯುತ್ತಿದ್ದ ಕೋಡಿನ ಮುಂದೆ. ಅಮೆರಿಕದ ದೊಡ್ಡ ಕಂಪನಿಗಳನ್ನು ಬೈಯುವಷ್ಟು ಸಲೀಸಾಗಿ ನಮ್ಮ ಕೋಷ್ಟಕಗಳನ್ನು ನಾವು ತೆರೆದು ನೋಡುವುದಿಲ್ಲ. ಬೆಂಗಳೂರಿನಲ್ಲಿ ನನ್ನಂತಹವರು ಲಕ್ಷಗಟ್ಟಲೆ ಇದ್ದೇವೆ, ದೇಶದ ಎಷ್ಟೋ ಆ್ಯಪುಗಳ ಒಳಮನೆ ನಮ್ಮ ಕೈಯಲ್ಲಿದೆ.

ಅಳಿಸುತ್ತೇವೆಂದು ಹೇಳಿ ಅಳಿಸದಿರುವುದು ಹೊಸ ರೋಗವೇನಲ್ಲ. ಆ್ಯಶ್ಲಿ ಮ್ಯಾಡಿಸನ್ ಎಂಬ ಜಾಲತಾಣ ಖಾತೆಯನ್ನು ಪೂರ್ತಿಯಾಗಿ ಅಳಿಸಿಕೊಡಲು 19 ಡಾಲರ್ ಶುಲ್ಕ ವಸೂಲು ಮಾಡುತ್ತಿತ್ತು. 2015ರಲ್ಲಿ ಅದರ ದತ್ತಾಂಶ ಸೋರಿಕೆಯಾದಾಗ, ಹಣ ಕೊಟ್ಟವರ ಮಾಹಿತಿಯೂ ಉಳಿದುಕೊಂಡಿದ್ದದ್ದು ಬಯಲಾಯಿತು. 2023ರಲ್ಲಿ ಅಮೆಜಾನ್ ಕಂಪನಿ ಅಲೆಕ್ಸಾ ವಿಷಯದಲ್ಲಿ 25 ದಶಲಕ್ಷ ಡಾಲರ್ ದಂಡ ಕೊಡಲು ಒಪ್ಪಿತು. ತಂದೆತಾಯಿ ಅಳಿಸಿ ಎಂದು ಕೇಳಿದ ಮೇಲೂ ಮಕ್ಕಳ ದನಿಯ ಮಾಹಿತಿಯನ್ನು ಇಟ್ಟುಕೊಂಡಿತ್ತು ಎಂಬುದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪ. ಎರಡು ಪ್ರಕರಣಗಳಲ್ಲೂ ಅಳಿಸುವ ಗುಂಡಿಯನ್ನು ಕಟ್ಟಿದ ಎಂಜಿನಿಯರುಗಳು ಇದ್ದೇ ಇರುತ್ತಾರಲ್ಲವೇ? ನನಗೆ ಈಗ ಅವರದೇ ಯೋಚನೆ.

ಸಭೆ ಸೇರಿತು. ಮೊದಲ ಆಕ್ಷೇಪ ಉತ್ಪನ್ನ ವಿಭಾಗದ್ದು. ನಮ್ಮ ಜನಕ್ಕೆ ಗೌಪ್ಯತೆ ಬೇಕಿಲ್ಲ, ರಿಯಾಯಿತಿ ಬೇಕು, ಇದೆಲ್ಲ ಯುರೋಪಿನವರ ಚಿಂತೆ ಎಂದರು. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆಧಾರ್ ವಿಚಾರದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಇದೇ ಬೆಂಗಳೂರಿನಲ್ಲಿ ನೆಲೆಸಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ 86 ವರ್ಷ. ಅವರ ಹೆಸರಿನ ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಖಾಸಗಿತನ ಯುರೋಪಿನಿಂದ ತಂದ ಸರಕು ಎನ್ನುವವರು ಈ ಊರಿನಲ್ಲಿ ಕುಳಿತು ಹಾಗೆ ಹೇಳಬಾರದು.

ಎರಡನೆಯ ಆಕ್ಷೇಪಕ್ಕೆ ತೂಕವಿತ್ತು. ಕಾನೂನೇ ಇಟ್ಟುಕೊಳ್ಳಿ ಎನ್ನುತ್ತದೆಯಲ್ಲ ಎಂದು ನಮ್ಮ ಕಾನೂನು ಸಲಹೆಗಾರರು ಕೇಳಿದರು. ನಿಜ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಮಾರಾಟದ ಮೇಲೆ ಹೆಚ್ಚಿನ ನಿಗಾ ಇರುವ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳನ್ನು ಮಾರಿದರೆ ರೋಗಿಯ ಹೆಸರಿನ ಸಮೇತ ಪ್ರತ್ಯೇಕ ದಾಖಲೆ ಮಾಡಿ ಮೂರು ವರ್ಷ ಇಡಬೇಕು. ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಬೇಕು. ನಾನು ಇವನ್ನೆಲ್ಲ ಒಂದೊಂದಾಗಿ ಓದಿಕೊಂಡೇ ಹೋಗಿದ್ದೆ. ಬಿಲ್ಲು ಉಳಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಎಚ್1 ಪಟ್ಟಿಯಲ್ಲಿ ಇಲ್ಲ. ಲಾಗ್ ಇಡಿ ಎಂದವರು ಅದರೊಳಗೆ ರೋಗಿಯ ಹೆಸರನ್ನು ಬರೆಯಿರಿ ಎಂದಿಲ್ಲ. ನೆನಪೋಲೆಯ ಕೋಷ್ಟಕವನ್ನು ಯಾವ ಕಾನೂನೂ ಕೇಳಿಲ್ಲ. ಒಂದು ಬಿಲ್ಲನ್ನು ಇಟ್ಟುಕೊಳ್ಳಬೇಕಾದ ಕಾರಣಕ್ಕೆ ಉಳಿದ ಎಂಟು ಪ್ರತಿಗಳನ್ನು ಅದರ ನೆರಳಿನಲ್ಲಿ ಉಳಿಸಿಕೊಳ್ಳುವುದು ಸರಿಯಲ್ಲ ಎಂದು ವಾದಿಸಿದೆ.

ಸಲಹೆಗಾರರು ಒಪ್ಪಿದರು, ಒಂದು ಅಂಶವನ್ನು ತಾವೇ ಸೇರಿಸಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸಿ ಎಂದು ಕೇಳುವ ಹಕ್ಕಿನ ಜೊತೆಗೆ, ತಾನು ಸತ್ತ ಮೇಲೆ ತನ್ನ ಪರವಾಗಿ ಆ ಹಕ್ಕನ್ನು ಚಲಾಯಿಸಲು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡುವ ಹಕ್ಕೂ ಇದೆ. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಆ ಗಡುವಿನ ತನಕ ಕಾಯೋಣ ಎಂದು ಯಾರೋ ಅಂದರು. ಗ್ರಾಹಕ ಸೇವೆಯ ಆ ಹುಡುಗಿಯನ್ನು ಸಭೆಗೆ ಕರೆದಿದ್ದೆ. ಅವಳು ಆ ಫೋನ್ ಕರೆಯನ್ನು ಮತ್ತೊಮ್ಮೆ ವಿವರಿಸಿದಳು. ಕಾಯುವ ಮಾತು ಅಲ್ಲಿಗೇ ನಿಂತಿತು.

ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಈಗ ಒಬ್ಬ ಸದಸ್ಯರನ್ನು ತೆಗೆದಾಗ ಆ ಸುದ್ದಿ ಎಲ್ಲ ಸೇವೆಗಳಿಗೂ ಹೋಗುತ್ತದೆ, ಪ್ರತಿಯೊಂದು ಸೇವೆಯೂ ‘ಅಳಿಸಿದೆ’ ಎಂದು ಮರಳಿ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಆ ತಂಡದ ಹೆಸರಿನಲ್ಲಿ ಟಿಕೆಟ್ ತೆರೆದುಕೊಳ್ಳುತ್ತದೆ. ಬ್ಯಾಕಪ್‌ಗಳಿಗೆ ಬೇರೆ ಉಪಾಯ ಮಾಡಿದೆವು. ಪ್ರತಿ ಸದಸ್ಯರ ವಿವರಕ್ಕೂ ಬೇರೆ ಬೇರೆ ಗೂಢಲಿಪಿ ಕೀಲಿ ಇರುತ್ತದೆ, ಆ ಕೀಲಿಗಳು ಬೇರೆ ಕಡೆ ಇರುತ್ತವೆ. ಕೀಲಿಯನ್ನು ನಾಶ ಮಾಡಿದರೆ ಹಳೆಯ ಬ್ಯಾಕಪ್‌ನಲ್ಲಿ ಉಳಿದ ಸಾಲನ್ನು ನಾವೂ ಓದಲಾರೆವು. ಹೊರಗಿನ ಕಂಪನಿಗೆ ಮಾತ್ರೆಯ ಹೆಸರು ಹೋಗುವುದಿಲ್ಲ. ಲಾಗಿನ ಆ ಸಾಲನ್ನು ಮೊದಲ ದಿನವೇ ನಾನು ತೆಗೆದಿದ್ದೆ.

ಪರದೆಯ ಪಠ್ಯವನ್ನೂ ಬದಲಾಯಿಸಿದೆ. ‘ಶಾಶ್ವತವಾಗಿ’ ಎಂಬ ಪದ ಈಗ ಅಲ್ಲಿಲ್ಲ. ಹೆಸರು, ಚೀಟಿ, ಮಾತ್ರೆಗಳ ಪಟ್ಟಿ ಇಂದೇ ಅಳಿಯುತ್ತವೆ, ಬಿಲ್ಲುಗಳು ತೆರಿಗೆ ಕಾನೂನಿನ ಕಾರಣಕ್ಕೆ ಆರು ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತವೆ ಎಂದು ಬಿಡಿಸಿ ಬರೆದಿದ್ದೇನೆ. ಇಷ್ಟು ಉದ್ದ ಬರೆದರೆ ಯಾರೂ ಓದುವುದಿಲ್ಲ ಎಂದು ವಿನ್ಯಾಸ ತಂಡದವರು ಆಕ್ಷೇಪಿಸಿದರು. ಹನುಮಂತನಗರದ ಹಿರಿಯರಿಗೆ ಕರಡನ್ನು ಕಳುಹಿಸಿದೆ. ಅವರು ಓದಿ ಫೋನ್ ಮಾಡಿದರು. ‘ಹಾಗಾದರೆ ಬಿಲ್ಲಿನಲ್ಲಿ ಅವಳ ಹೆಸರು ಇರುತ್ತದೆ’ ಎಂದರು. ಇರುತ್ತದೆ ಸರ್ ಎಂದೆ. ‘ಇರಲಿ ಬಿಡಮ್ಮ, ಅದು ಲೆಕ್ಕ’ ಎಂದು ಫೋನ್ ಇಟ್ಟರು.

ಎಲ್ಲ ಮುಗಿದ ಮೇಲೆ ನಮ್ಮದೇ ಆ್ಯಪಿನಲ್ಲಿದ್ದ ನನ್ನ ಸ್ವಂತ ಖಾತೆಯನ್ನು ಅಳಿಸಿ, ನಲವತ್ತು ದಿನ ಕಾದು, ನನ್ನ ಫೋನ್ ಸಂಖ್ಯೆಯನ್ನು ಕಂಪನಿಯ ಎಲ್ಲ ವ್ಯವಸ್ಥೆಗಳಲ್ಲೂ ಹುಡುಕಿದೆ. ಬಿಲ್ಲುಗಳಲ್ಲಿ ಸಿಕ್ಕಿತು, ಅದು ಸರಿ. ಇನ್ನೊಂದು ಕಡೆಯೂ ಸಿಕ್ಕಿತು. ಗ್ರಾಹಕ ಸೇವೆಗೆ ಬಂದ ಕರೆಗಳ ಧ್ವನಿಮುದ್ರಣವನ್ನು ಪಠ್ಯವಾಗಿ ಪರಿವರ್ತಿಸಿ ಇಡುವ ವ್ಯವಸ್ಥೆಯೊಂದು ಕಳೆದ ವರ್ಷ ಬಂದಿತ್ತು, ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಹಿರಿಯರು ಅವತ್ತು ಕೇಳಿದ ಪ್ರಶ್ನೆಯೂ, ಆಕೆಯ ಹೆಸರೂ ಅದರಲ್ಲಿ ಅಕ್ಷರಶಃ ಉಳಿದಿದ್ದವು. ಈ ವಾರ ಆ ತಂಡದ ಜೊತೆ ಕುಳಿತಿದ್ದೇನೆ.