ಚಿನ್ನಿಗೆ ಸೊಂಟದ ಆಪರೇಷನ್ ಏಕೆ ಮಾಡಿಸಲಿಲ್ಲ?

ನಮ್ಮ ಮನೆಯ ಲ್ಯಾಬ್ರಡಾರ್ ಚಿನ್ನಿಯ ಎಕ್ಸ್-ರೇ ನೋಡಿದವರೂ, ಅದನ್ನು ನೋಡದೆ ಅವಳು ಮಲಗಿದಲ್ಲಿಂದ ಏಳಲು ಪಡುವ ಕಷ್ಟವನ್ನಷ್ಟೇ ನೋಡಿದವರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಸೊಂಟ ಇಷ್ಟು ಹಾಳಾಗಿದೆ, ಆಪರೇಷನ್ ಯಾಕೆ ಮಾಡಿಸಲಿಲ್ಲ?’ ದೊಡ್ಡ ಜಾತಿಯ ನಾಯಿ ಸಾಕಿದವರಾದರೆ ಅದರ ಬೆನ್ನಿಗೇ ‘ನಮ್ಮದಕ್ಕೆ ಮಾಡಿಸೋಣವೇ?’ ಎಂದೂ ಕೇಳುತ್ತಾರೆ. ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಎರಡನೆಯದನ್ನು ತೀರ್ಮಾನಿಸಬೇಕಾದವರು ನಿಮ್ಮ ಪಶುವೈದ್ಯರು. ಆದರೆ ಅವರ ಮುಂದೆ ಕುಳಿತಾಗ ಏನೇನು ವಿಚಾರಿಸಬೇಕು ಎಂಬುದನ್ನು ಆರು ವರ್ಷಗಳಿಂದ ಈ ನಾಯಿಯ ಹಿಂಗಾಲುಗಳನ್ನೇ ನೋಡುತ್ತಿರುವ ನಾನು ಹೇಳಬಲ್ಲೆ.

ಚಿನ್ನಿಗೆ ನಾಲ್ಕು ವರ್ಷ ತುಂಬಿದ ಮಳೆಗಾಲದಲ್ಲಿ ನಮಗೆ ಮೊದಲ ಅನುಮಾನ ಬಂತು. ನಮ್ಮದು ಮಲೆನಾಡಿನ ಹಳೆಯ ಮನೆ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು. ಒಂದೇ ನೆಗೆತಕ್ಕೆ ಅವನ್ನು ಹತ್ತುತ್ತಿದ್ದವಳು ಕೆಳಗೆ ನಿಂತು ಮೆಟ್ಟಿಲನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡತೊಡಗಿದಳು. ಓಡುವಾಗ ಹಿಂಗಾಲೆರಡನ್ನೂ ಮೊಲದ ಹಾಗೆ ಜೋಡಿಸಿ ಕುಪ್ಪಳಿಸುತ್ತಿದ್ದಳು. ತೊಡೆಗಳು ಬಡವಾಗಿ, ಎದೆ ಮತ್ತು ಮುಂಗಾಲುಗಳು ಮಾತ್ರ ಪೈಲ್ವಾನನಂತೆ ಬೆಳೆದಿದ್ದವು, ಏಕೆಂದರೆ ಹಿಂದಿನ ಭಾರವನ್ನೆಲ್ಲ ಅವಳು ಮುಂದಕ್ಕೆ ಸಾಗಿಸಿಕೊಂಡಿದ್ದಳು. ಮರಿಯಾಗಿದ್ದಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚಿ ಸೋಮಾರಿಯಂತೆ ಕೂರುತ್ತಿದ್ದ ಅವಳ ಫೋಟೋಗಳು ನಮ್ಮ ಬಳಿ ಹತ್ತಾರಿವೆ. ಆಗ ಅವನ್ನು ನೋಡಿ ನಕ್ಕಿದ್ದೆವು. ಅದೂ ಒಂದು ಲಕ್ಷಣವಾಗಿತ್ತು ಎಂದು ತಿಳಿದದ್ದು ಆಮೇಲೆ.

ಈ ತೊಂದರೆಯ ಹೆಸರು ಹಿಪ್ ಡಿಸ್‌ಪ್ಲೇಸಿಯಾ. ಮರಿ ಹುಟ್ಟುವಾಗ ಸೊಂಟದ ಕೀಲು ಸರಿಯಾಗಿಯೇ ಇರುತ್ತದೆ. ಬೆಳೆಯುವ ತಿಂಗಳುಗಳಲ್ಲಿ ಕೀಲು ಸಡಿಲಗೊಂಡು, ತೊಡೆಮೂಳೆಯ ತುದಿಯ ಗುಂಡು ತನ್ನ ಗುಳಿಯೊಳಗೆ ಬಿಗಿಯಾಗಿ ಕೂರದೆ ಅಲ್ಲಾಡುತ್ತದೆ. ಹಾಗೆ ಅಲ್ಲಾಡಿದ ಗುಂಡು ಚಪ್ಪಟೆಯಾಗುತ್ತದೆ, ಗುಳಿ ಆಳವಿಲ್ಲದ ತಟ್ಟೆಯಂತಾಗುತ್ತದೆ. ಅದನ್ನು ಭದ್ರಪಡಿಸಲು ಹೊರಟ ದೇಹ ಸುತ್ತಲೂ ಹೊಸ ಮೂಳೆ ಬೆಳೆಸಿ, ಕೊನೆಗೆ ಕೀಲಿನ ಸವೆತವನ್ನೂ ನೋವನ್ನೂ ತಂದಿಡುತ್ತದೆ. ಕಾರಣ ಮುಖ್ಯವಾಗಿ ವಂಶದ್ದು. ಒಂದಲ್ಲ, ಹಲವು ಜೀನ್‌ಗಳು ಸೇರಿ ಮಾಡುವ ಕೆಲಸ. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ಓಎಫ್ಎ ಎಂಬ ಸಂಸ್ಥೆ ತಳಿ ಬೆಳೆಸುವ ನಾಯಿಗಳ ಸೊಂಟದ ಎಕ್ಸ್-ರೇ ನೋಡಿ, ಅವುಗಳಿಗೆ ಎರಡು ವರ್ಷ ತುಂಬಿದ ಮೇಲಷ್ಟೇ ಅಂತಿಮ ದರ್ಜೆ ಕೊಡುತ್ತದೆ. ನಾನು ಚಿನ್ನಿಯನ್ನು ತರುವಾಗ ಕೆನಲ್ ಕ್ಲಬ್‌ನ ಕಾಗದವನ್ನು ಹೆಮ್ಮೆಯಿಂದ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಆ ಕಾಗದದಲ್ಲಿ ಅಜ್ಜ ಮುತ್ತಜ್ಜರ ಹೆಸರಿದ್ದವು, ಅವರ ಸೊಂಟದ ಸುದ್ದಿ ಇರಲಿಲ್ಲ.

ನಾವು ಮೊದಲು ಹೋದ ಕಡೆ ಎಕ್ಸ್-ರೇ ತೆಗೆದು, ಫಿಲ್ಮನ್ನು ಬೆಳಕಿಗೆ ಹಿಡಿದು, ಐದೇ ನಿಮಿಷದಲ್ಲಿ ಆಪರೇಷನ್ನಿನ ಮಾತಾಡಿದರು. ನಾನು ಬಹುತೇಕ ಒಪ್ಪಿಯೂ ಬಿಟ್ಟಿದ್ದೆ. ಎರಡನೆಯ ಅಭಿಪ್ರಾಯಕ್ಕೆಂದು ಹೋದಲ್ಲಿ ಇನ್ನೊಬ್ಬ ವೈದ್ಯರು ಫಿಲ್ಮನ್ನು ಕವರಿನಿಂದ ಹೊರಗೆ ತೆಗೆಯಲೇ ಇಲ್ಲ. ಮೊದಲು ಚಿನ್ನಿಯನ್ನು ಆಸ್ಪತ್ರೆಯ ಹಿತ್ತಲಲ್ಲಿ ನಡೆಸಿ ನೋಡಿದರು. ಆಮೇಲೆ ಎರಡೂ ಮಂಡಿಗಳನ್ನು ಬಹಳ ಹೊತ್ತು ಹಿಡಿದು ಹಿಂದೆ ಮುಂದೆ ಆಡಿಸಿದರು. ಹಿಂಗಾಲಿನ ಪಾದವನ್ನು ಮಗುಚಿ, ಅದರ ಬೆನ್ನು ನೆಲಕ್ಕೆ ತಾಗುವಂತೆ ಇಟ್ಟು, ಅವಳು ಅದನ್ನು ಎಷ್ಟು ಬೇಗ ಸರಿಮಾಡಿಕೊಳ್ಳುತ್ತಾಳೆ ಎಂದು ಗಮನಿಸಿದರು. ಮಂಡಿಯ ಲಿಗಮೆಂಟ್ ಹರಿದ ನಾಯಿಗೂ, ಬೆನ್ನುಹುರಿಯ ಕಾಯಿಲೆ ಇರುವ ನಾಯಿಗೂ ಹಿಂಭಾಗವೇ ಕುಸಿಯುತ್ತದೆ. ಸೊಂಟದ ಎಕ್ಸ್-ರೇ ಕೆಟ್ಟದಾಗಿ ಕಂಡ ಮಾತ್ರಕ್ಕೆ ಈಗಿನ ನೋವು ಅಲ್ಲಿಂದಲೇ ಬರುತ್ತಿದೆ ಎಂದು ಹೇಳಲಾಗದು ಎಂದು ಅವರು ವಿವರಿಸಿದರು. ಇದು ಬರಿಯ ಮಾತಲ್ಲ. ಪರಿಚಯದವರೊಬ್ಬರ ರಾಟ್‌ವೀಲರ್‌ಗೆ ವರ್ಷವಿಡೀ ಸೊಂಟದ ನೋವೆಂದು ಮಾತ್ರೆ ನುಂಗಿಸಿದ ಮೇಲೆ, ತೊಂದರೆ ಇದ್ದದ್ದು ಮಂಡಿಯಲ್ಲಿ ಎಂದು ಗೊತ್ತಾಯಿತು. ಎಕ್ಸ್-ರೇಯಲ್ಲಿ ಭೀಕರವಾಗಿ ಕಂಡರೂ ಲವಲವಿಕೆಯಿಂದ ಓಡಾಡುವ ನಾಯಿಗಳಿವೆ. ಅಷ್ಟೇನೂ ಕೆಟ್ಟಿಲ್ಲದ ಚಿತ್ರವಿದ್ದೂ ಏಳಲಾಗದ ನಾಯಿಗಳೂ ಇವೆ. ಚಿನ್ನಿಯ ಮಂಡಿ, ಬೆನ್ನು ಎರಡೂ ಚೆನ್ನಾಗಿದ್ದವು. ನೋವು ಸೊಂಟದ್ದೇ ಎಂದು ಖಚಿತವಾದ ಮೇಲೆ ಅವರು ಆಪರೇಷನ್ನಿನ ವಿಷಯಕ್ಕೆ ಬಂದರು.

‘ಸೊಂಟದ ಆಪರೇಷನ್’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ನಾಲ್ಕಾರು ಬಗೆಯದು, ಮತ್ತು ಅದರಲ್ಲಿ ಯಾವುದಕ್ಕೆ ಅವಕಾಶವಿದೆ ಎಂಬುದನ್ನು ಹೆಚ್ಚಾಗಿ ನಾಯಿಯ ವಯಸ್ಸೇ ತೀರ್ಮಾನಿಸುತ್ತದೆ. 20 ವಾರಕ್ಕಿಂತ ಚಿಕ್ಕ ಮರಿಗಾದರೆ ಸೊಂಟದ ಎಲುಬಿನ ಕೆಳಭಾಗದ ಬೆಳವಣಿಗೆಯನ್ನು ನಿಲ್ಲಿಸುವ ಸಣ್ಣ ಶಸ್ತ್ರಚಿಕಿತ್ಸೆಯೊಂದಿದೆ. ಮರಿ ಬೆಳೆದಂತೆ ಗುಳಿ ತಾನಾಗಿ ಗುಂಡಿನ ಮೇಲೆ ವಾಲಿಕೊಳ್ಳುತ್ತದೆ. ಐದರಿಂದ ಹತ್ತು ತಿಂಗಳಿನೊಳಗೆ, ಸವೆತ ಇನ್ನೂ ಶುರುವಾಗಿರದಿದ್ದರೆ, ಎಲುಬನ್ನು ಎರಡು ಕಡೆ ಕತ್ತರಿಸಿ ಗುಳಿಯನ್ನು ತಿರುಗಿಸಿ ಪ್ಲೇಟ್ ಹಾಕಬಹುದು. ನಾಲ್ಕು ವರ್ಷದ ಚಿನ್ನಿಗೆ ಈ ಎರಡೂ ಬಾಗಿಲು ಎಂದೋ ಮುಚ್ಚಿದ್ದವು.

ಉಳಿದದ್ದು ಎರಡು. ಒಂದು, ತೊಡೆಮೂಳೆಯ ಗುಂಡನ್ನೇ ಕತ್ತರಿಸಿ ತೆಗೆಯುವ ಎಫ್‌ಎಚ್‌ಒ. ಮೂಳೆಗೆ ಮೂಳೆ ಉಜ್ಜುವುದು ಅಲ್ಲಿಗೆ ನಿಲ್ಲುತ್ತದೆ. ಆ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆದು, ಕಾಲನ್ನು ಸುತ್ತಲಿನ ಸ್ನಾಯುಗಳೇ ಹಿಡಿದು ನಿಲ್ಲಿಸುತ್ತವೆ. ಹಗುರವಾದ ನಾಯಿಗಳು ಇದಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತವೆ. ದೊಡ್ಡ ನಾಯಿಗೂ ಮಾಡುವುದುಂಟು, ಆದರೆ ಫಲಿತಾಂಶ ಅಷ್ಟು ಖಚಿತವಲ್ಲ. ತೊಡೆಯಲ್ಲಿ ಸ್ನಾಯು ಇರಬೇಕು, ತೂಕ ಕಡಿಮೆ ಇರಬೇಕು, ಆಪರೇಷನ್ ಆದ ಕೆಲವೇ ದಿನಗಳಿಂದ ಬಿಡದೆ ಕಾಲಿನ ವ್ಯಾಯಾಮ ಮಾಡಿಸಬೇಕು. ಇನ್ನೊಂದು, ಮನುಷ್ಯರಿಗೆ ಮಾಡುವಂತೆಯೇ ಗುಂಡು ಮತ್ತು ಗುಳಿ ಎರಡನ್ನೂ ಬದಲಾಯಿಸುವ ಪೂರ್ಣ ಕೀಲು ಜೋಡಣೆ. ಎಲ್ಲ ಸರಿಹೋದರೆ ಇದಕ್ಕೆ ಸಾಟಿಯಿಲ್ಲ. ನಾಯಿ ಬಹುಮಟ್ಟಿಗೆ ನೋವಿಲ್ಲದೆ ನಡೆಯುತ್ತದೆ. ಸರಿಹೋಗದಿದ್ದರೆ ಕೀಲು ತಪ್ಪುವುದು, ಸೋಂಕು, ತೊಡೆಮೂಳೆ ಮುರಿಯುವುದು ಇವೆಲ್ಲ ಇವೆ. ಇದನ್ನು ಮಾಡಲು ವಿಶೇಷ ತರಬೇತಿ ಪಡೆದ ಸರ್ಜನ್ ಬೇಕು. ‘ನೀವು ಇದುವರೆಗೆ ಇಂಥದ್ದನ್ನು ಎಷ್ಟು ಮಾಡಿದ್ದೀರಿ, ಅದರಲ್ಲಿ ಎಷ್ಟು ಕೆಟ್ಟವು’ ಎಂದು ಕೇಳಲು ಸಂಕೋಚಪಡಬೇಡಿ. ಒಳ್ಳೆಯ ಸರ್ಜನ್ ಬೇಸರವಿಲ್ಲದೆ ಉತ್ತರಿಸುತ್ತಾರೆ.

ಆಪರೇಷನ್ ಥಿಯೇಟರಿನ ಹೊರಗಿನ ಸಂಗತಿಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕೀಲು ಬದಲಾಯಿಸಿದ ನಾಯಿಯನ್ನು ಎರಡು ಮೂರು ತಿಂಗಳು ಓಡದಂತೆ, ಜಾರದಂತೆ, ಮೆಟ್ಟಿಲು ಹತ್ತದಂತೆ ಕಾಯಬೇಕು. ನಮ್ಮ ಮನೆಯ ನೆಲ ಕಾವಿ ಹಾಕಿ ತಿಕ್ಕಿ ತಿಕ್ಕಿ ಕನ್ನಡಿಯಾದದ್ದು. ಹಗಲಲ್ಲಿ ಮನೆಯಲ್ಲಿರುವವರು ಎಪ್ಪತ್ತು ದಾಟಿದ ಅಮ್ಮ ಒಬ್ಬರೇ. ಚಿನ್ನಿಯ ಅಂದಿನ ತೂಕ 38.5 ಕಿಲೋ. ‘ಈ ತೂಕದಲ್ಲಿ ನಾನು ಕತ್ತಿ ಹಿಡಿಯುವುದಿಲ್ಲ, ಆರು ತಿಂಗಳು ಇಳಿಸಿ ಬನ್ನಿ, ಆಗಲೂ ಬೇಕೆನಿಸಿದರೆ ನೋಡೋಣ’ ಎಂದರು ಆ ವೈದ್ಯರು. ಆ ಆರು ತಿಂಗಳು ಈಗ ಆರು ವರ್ಷವಾಗಿದೆ.

ತೂಕ ಇಳಿಸುವುದನ್ನು ನಾನು ಮೊದಲು ಸಮಾಧಾನದ ಮಾತೆಂದೇ ಭಾವಿಸಿದ್ದೆ. ಹಾಗಲ್ಲವೆಂದು ತಿಳಿದದ್ದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿವರ ಓದಿದಾಗ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು, ಅವುಗಳ ಜೀವಮಾನವಿಡೀ ಗಮನಿಸಿದರು. ಕಡಿಮೆ ತಿಂದವುಗಳಲ್ಲಿ ಸೊಂಟದ ಸವೆತ ಕಡಿಮೆಯಿತ್ತು, ಬಂದದ್ದೂ ತಡವಾಗಿ. ಅವು ಸರಾಸರಿ ಸುಮಾರು ಎರಡು ವರ್ಷ ಹೆಚ್ಚೇ ಬದುಕಿದವು.

ಅಮ್ಮನಿಗೆ ಈ ಅಧ್ಯಯನವನ್ನು ಹೇಳಿ ಪ್ರಯೋಜನವಿರಲಿಲ್ಲ. ‘ಮೂಕಪ್ರಾಣಿ ಕಣೋ, ಅದರ ಹೊಟ್ಟೆಗೆ ಕಡಿಮೆ ಮಾಡಿ ಪಾಪ ಕಟ್ಟಿಕೊಳ್ಳಬೇಡ’ ಎಂದು, ಬೆಳಗಿನ ದೋಸೆಯಲ್ಲಿ ಒಂದೂವರೆ ದೋಸೆ ತುಪ್ಪದ ಸಮೇತ ಹಿತ್ತಿಲ ಬಾಗಿಲಿನಿಂದ ದಾಟುತ್ತಿತ್ತು. ನಾನು ಜಗಳ ಬಿಟ್ಟು, ಅಡಿಕೆ ಮೂಟೆ ತೂಗುವ ಯಂತ್ರದ ಮೇಲೆ ಹದಿನೈದು ದಿನಕ್ಕೊಮ್ಮೆ ಚಿನ್ನಿಯನ್ನು ನಿಲ್ಲಿಸಿ, ಅಂಕಿಯನ್ನು ಅಮ್ಮನಿಂದಲೇ ಕ್ಯಾಲೆಂಡರಿನಲ್ಲಿ ಬರೆಸತೊಡಗಿದೆ. ಮೂರನೆಯ ಸಲ ಅಂಕಿ ಇಳಿಯದಿದ್ದಾಗ ಅವರೇ ದೋಸೆ ನಿಲ್ಲಿಸಿದರು. ಅದರ ಬದಲು ಸೌತೆಕಾಯಿ ಹೋಳು, ಉಪ್ಪಿಲ್ಲದೆ ಬೇಯಿಸಿದ ಸಿಹಿಗುಂಬಳ ಬಂತು. ಕೊಡುವ ಕೈಗೂ ತಿನ್ನುವ ಬಾಯಿಗೂ ಸಮಾಧಾನ. ಏಳು ತಿಂಗಳಿಗೆ 31 ಕಿಲೋ. ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಮುಖ ನೋಡುವುದು ಅಷ್ಟು ಹೊತ್ತಿಗೆ ಮುಕ್ಕಾಲುಪಾಲು ಕಡಿಮೆಯಾಗಿತ್ತು.

ನೆಲದ ಮೇಲೆ ಅವಳು ಓಡಾಡುವ ದಾರಿಗುಂಟ ಗೋಣಿಚೀಲಗಳನ್ನು ಬಿಡಿಸಿ ಹೊಲಿದು ಹಾಸಿದೆವು. ಮೆಟ್ಟಿಲಿನ ಪಕ್ಕದಲ್ಲಿ ಅಡಿಕೆ ದಬ್ಬೆಯ ಇಳಿಜಾರು ಮಾಡಿ, ಮೇಲೆ ತೆಂಗಿನ ನಾರಿನ ಚಾಪೆ ಹೊಡೆದೆವು. ಪಾದದ ಬೆರಳುಗಳ ನಡುವಿನ ಕೂದಲು ಕತ್ತರಿಸಿದರೆ ನಾಯಿ ಜಾರುವುದು ಕಡಿಮೆಯಾಗುತ್ತದೆ. ಈ ಸಣ್ಣ ಕೆಲಸಕ್ಕೆ ಕಾಸು ಖರ್ಚಿಲ್ಲ. ದಿನಕ್ಕೆ ಒಂದು ದೀರ್ಘ ಓಡಾಟದ ಬದಲು ಮೂರು ಪುಟ್ಟ ನಡಿಗೆ, ಚೆಂಡಿನಾಟ ಪೂರ್ತಿ ಬಂದ್. ಆಷಾಢದ ಥಂಡಿಯಲ್ಲಿ ಕೀಲು ಬಿಗಿದುಕೊಂಡಾಗ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಯಡಿ ಹಾಯಿಸಿ, ಹಿಂಭಾಗವನ್ನು ತುಸು ಎತ್ತಿ ಹಿಡಿದು ನಡೆಸುತ್ತೇನೆ.

ನೋವಿನ ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಾಯಿಗಳಿಗೆಂದೇ ವೈದ್ಯರು ತೂಕ ನೋಡಿ ಬರೆದುಕೊಡುವ ಮೆಲಾಕ್ಸಿಕ್ಯಾಮ್, ಕಾರ್‌ಪ್ರೊಫೆನ್‌ನಂಥವು ಇವೆ. ಅವನ್ನು ಬಹುಕಾಲ ಕೊಡುವಾಗ ಯಕೃತ್ತು ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಆಗಾಗ ಆಗಲೇಬೇಕು. ನಮ್ಮ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಅರ್ಧ ಮುರಿದು ಕೊಡುವ ಅಭ್ಯಾಸ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಮಾತ್ರೆಯ ಮೇಲಿರುವ ನಾಯಿ ವಾಂತಿ ಮಾಡಿದರೆ, ಮಲ ಕಪ್ಪಗಾದರೆ, ಅಂದೇ ನಿಲ್ಲಿಸಿ ಫೋನ್ ಮಾಡಬೇಕು. ಮೀನೆಣ್ಣೆಯಿಂದ ಸ್ವಲ್ಪ ಅನುಕೂಲವಿದೆ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಡಬ್ಬಿಗಳ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ಕ್ಯಾಲ್ಸಿಯಂ ಸಿರಪ್ಪಂತೂ, ಒಳ್ಳೆಯ ಆಹಾರ ತಿನ್ನುತ್ತಿರುವ ದೊಡ್ಡ ಜಾತಿಯ ಮರಿಗೆ ಉಪಕಾರಕ್ಕಿಂತ ಅಪಾಯವನ್ನೇ ಮಾಡುತ್ತದೆ; ಹೆಚ್ಚಾದ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳದೆ ತಡೆಯುವ ಶಕ್ತಿ ಎಳೆಯ ಮರಿಗೆ ಇರುವುದಿಲ್ಲ, ಮೂಳೆ ಬೆಳೆಯುವ ಕ್ರಮವೇ ತಪ್ಪುತ್ತದೆ.

ಇದೆಲ್ಲವನ್ನು ಓದಿ ಆಪರೇಷನ್ ಬೇಡವೆಂಬುದು ನನ್ನ ಮತ ಎಂದುಕೊಳ್ಳಬಾರದು. ತೂಕ ಇಳಿಸಿ, ನೆಲ ಸರಿಮಾಡಿ, ಸರಿಯಾದ ಪ್ರಮಾಣದಲ್ಲಿ ಮಾತ್ರೆ ಕೊಟ್ಟು ನಾಲ್ಕಾರು ತಿಂಗಳಾದರೂ ನಾಯಿ ರಾತ್ರಿ ನರಳುತ್ತಿದ್ದರೆ, ನಾನಾದರೂ ಸರ್ಜನ್‌ರ ಬಾಗಿಲಿಗೇ ಹೋಗುತ್ತಿದ್ದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮದು ಮರಿಯಾಗಿದ್ದರೆ ನನ್ನಂತೆ ಕಾದು ನೋಡುವುದೇ ತಪ್ಪು. ಕಳೆದ ತಿಂಗಳು ಒಬ್ಬರು ನಾಲ್ಕು ತಿಂಗಳ ಜರ್ಮನ್ ಶೆಫರ್ಡ್ ಮರಿಯನ್ನು ಕರೆತಂದು, ಕುಪ್ಪಳಿಸಿ ಓಡುತ್ತದೆ, ಚಿನ್ನಿಗೆ ಮಾಡಿದ ಹಾಗೆಯೇ ನೋಡಿಕೊಳ್ಳುತ್ತೇವೆ ಎಂದರು. ನಾಲ್ಕು ತಿಂಗಳೆಂದರೆ ಸುಮಾರು ಹದಿನೇಳು ವಾರ. ಮರಿಗಳಿಗೆ ಮಾಡುವ ಆ ಸಣ್ಣ ಶಸ್ತ್ರಚಿಕಿತ್ಸೆಯ ಗಡುವಾದ ಇಪ್ಪತ್ತಕ್ಕೆ ಉಳಿದದ್ದು ಮೂರೇ ವಾರ. ಮಂಪರು ಕೊಟ್ಟು ಕೀಲಿನ ಸಡಿಲವನ್ನು ಕೈಯಿಂದಲೇ ಪರೀಕ್ಷಿಸುವ ವಿಧಾನವೊಂದಿದೆ. ಇಟಲಿಯ ಮಕ್ಕಳ ವೈದ್ಯ ಒರ್ಟೊಲಾನಿ ಹಸುಗೂಸುಗಳಿಗೆಂದು ರೂಢಿಸಿದ್ದನ್ನು ಪಶುವೈದ್ಯರು ಎರವಲು ಪಡೆದದ್ದು ಅದು. ಅದನ್ನೂ ಎಕ್ಸ್-ರೇಯನ್ನೂ ಇದೇ ವಾರ ಮಾಡಿಸಿ ಎಂದು ಹೇಳಿ, ಚಹಾ ಕೂಡ ಕೊಡದೆ ಅವರನ್ನು ಕಳಿಸಿದೆ. ಅಮ್ಮ ಬೈದರು.

ಚಿನ್ನಿಗೆ ಈಗ ಹತ್ತು ವರ್ಷ. ಈ ಬೆಳಿಗ್ಗೆ ಇಳಿಜಾರನ್ನು ಬಿಟ್ಟು ಮೆಟ್ಟಿಲಿನಿಂದಲೇ ಹತ್ತಿದಳು, ನಡುವಿನ ಮೆಟ್ಟಿಲಲ್ಲಿ ಒಮ್ಮೆ ನಿಂತು. ಕ್ಯಾಲೆಂಡರಿನಲ್ಲಿ ಅಮ್ಮ ಬರೆದಿರುವ ಅಂಕಿ 30.8.