ನೆರೆ ಇಳಿದ ಮೇಲೂ ಇಳಿಯದ ಗೆರೆ

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ರಾಯಚೂರು ಜಿಲ್ಲೆಯ ನದಿದಂಡೆಯ ಊರುಗಳನ್ನು ಯಾವ ಗತಿಗೆ ತಂದಿತೆಂಬುದನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತುಂಗಭದ್ರೆಯ ದಂಡೆಯಲ್ಲಿದ್ದ ನಮ್ಮ ಮನೆಯ ಮಣ್ಣಿನ ಮಾಳಿಗೆ ಕುಸಿಯಿತು, ಹಗೇವಿಗೆ ನೀರು ನುಗ್ಗಿ ಜೋಳವೆಲ್ಲ ಕೊಳೆಯಿತು. ಇವು ಪರಿಹಾರದ ಪಟ್ಟಿ ಸೇರಿದವು. ಇಂದಿಗೂ ರಾತ್ರಿ ಮಳೆ ಜೋರಾದರೆ ಎದ್ದು ಕತ್ತಲಲ್ಲೇ ಹೊಸ್ತಿಲನ್ನು ಮುಟ್ಟಿ ನೋಡುವ ನನ್ನ ಅಭ್ಯಾಸ ಯಾವ ಪಟ್ಟಿಗೂ ಸೇರುವಂಥದ್ದಲ್ಲ.

ನಾನು ಚಿತ್ರದಲ್ಲಿ ಹಿಡಿಯಬೇಕೆಂದಿರುವುದು ಆ ಅಭ್ಯಾಸವನ್ನೇ ಹೊರತು ತೇಲಿಹೋದ ದನಗಳನ್ನಲ್ಲ. ಈ ವ್ಯತ್ಯಾಸವನ್ನು ನನಗೆ ಸ್ಪಷ್ಟಪಡಿಸಿದವರು ಸೋಮನಾಥ ಹೋರ್. 1943ರ ಬಂಗಾಳದ ಕ್ಷಾಮದಲ್ಲಿ ಹಸಿದವರನ್ನು ಕಣ್ಣಾರೆ ಕಂಡು ರೇಖೆಗಳಲ್ಲಿ ದಾಖಲಿಸಿದ ಈ ಕಲಾವಿದ, 1970ರ ದಶಕದಲ್ಲಿ ಮಾಡಿದ ‘ಗಾಯಗಳು’ ಸರಣಿಯಲ್ಲಿ ಮನುಷ್ಯಾಕೃತಿಯನ್ನೇ ಬಿಟ್ಟುಬಿಟ್ಟರು. ಮೇಣ ಅಥವಾ ಜೇಡಿಯ ಹಲಗೆಯನ್ನು ಸೀಳಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅಚ್ಚಿನೊಳಗೆ ಕಾಗದದ ತಿರುಳನ್ನು ಒತ್ತಿದರು. ಬಿಳಿ ಹಾಳೆಯ ಮೇಲೆ ಉಬ್ಬು, ತಗ್ಗು, ಸೀಳು ಮಾತ್ರ. ಗಾಯವನ್ನು ಬರೆಯುವುದನ್ನು ಬಿಟ್ಟು ಹಾಳೆಗೇ ಗಾಯ ಮಾಡಿದ್ದು ಅವರ ದೊಡ್ಡ ಧೈರ್ಯವೆಂದು ನನ್ನ ಎಣಿಕೆ.

ನನ್ನ ಬಳಿ ಇರುವುದು ಎರೆಮಣ್ಣು. ಅದನ್ನು ಬಟ್ಟೆಯಲ್ಲಿ ಸೋಸಿ, ಹುಣಸೆ ಬೀಜದ ಸರಿಯಲ್ಲಿ ಕಲಸುತ್ತೇನೆ (ಕೊಪ್ಪಳದ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಸುವ ಅಂಟೂ ಇದೇ ಬೀಜದ್ದು). ದಪ್ಪನಾಗಿ ಬಳಿದರೆ, ಬೇಸಿಗೆಯ ಹೊಲದಂತೆ ಅದು ಒಣಗುತ್ತಾ ಬಾಯಿ ಬಿಡುತ್ತದೆ. ಅಂಟು ಹೆಚ್ಚಿಸಿದರೆ ಬಿರುಕು ನಿಲ್ಲುತ್ತದೆಂದು ಗೊತ್ತಿದ್ದೂ ನಾನು ಹೆಚ್ಚಿಸುವುದಿಲ್ಲ. ಪ್ರತಿ ಚಿತ್ರದಲ್ಲೂ ಅಡ್ಡಲಾಗಿ ಒಂದು ಮಾಸಿದ ಗೆರೆ ಇರುತ್ತದೆ. ಅದು ನೀರು ನಿಂತಿದ್ದ ಮಟ್ಟ.

ಬರೆದದ್ದನ್ನೇ ಯಾಕೆ ಬರೆಯುತ್ತೀರಿ ಎಂದು ಕೇಳುವವರಿದ್ದಾರೆ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ತನ್ನ ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ತೀರಿಕೊಂಡದ್ದನ್ನು ಸುಮಾರು 40 ವರ್ಷಗಳ ಅವಧಿಯಲ್ಲಿ 6 ಸಲ ವರ್ಣಚಿತ್ರವಾಗಿಸಿದ. ಮೊದಲನೆಯದರಲ್ಲಿ ಬಣ್ಣ ಬಳಿದು, ಕೆರೆದು, ಮತ್ತೆ ಬಳಿದ ಗುರುತುಗಳು ಹಾಗೆಯೇ ಉಳಿದಿವೆ. ಬರೆದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಗುರಾಗಿದ್ದರೆ ಮುಂಕ್ ಎರಡನೆಯದಕ್ಕೆ ಕೈ ಹಾಕುತ್ತಿರಲಿಲ್ಲ.

ಆದರೆ ಒಂದು ಬದಲಾವಣೆಯಾಗಿದೆ. ನೆರೆಯ ವಿಷಯವನ್ನೇ ಎತ್ತದಿದ್ದ ಅವ್ವ ಒಂದು ಚಿತ್ರ ನೋಡಿ, “ನೀರು ಇಷ್ಟಕ್ಕ ನಿಂತಿದ್ದಿಲ್ಲ, ದೇವರ ಗೂಡಿನ ಮಟ ಬಂದಿತ್ತು” ಎಂದಳು. ಪಕ್ಕದ ಮನೆಯ ಹಿರಿಯರು ಅದನ್ನು ಒಪ್ಪಲಿಲ್ಲ. ಈಗ ಅಂಚಿನಲ್ಲಿ ಜಾಗ ಬಿಟ್ಟು, ಬಂದವರ ಕೈಗೆ ಪೆನ್ಸಿಲ್ ಕೊಟ್ಟು, ಅವರವರ ನೀರಿನ ಮಟ್ಟವನ್ನು ಅವರಿಂದಲೇ ಗುರುತು ಮಾಡಿಸುತ್ತಿದ್ದೇನೆ. ಜಗಳ ಇನ್ನೂ ಮುಗಿದಿಲ್ಲ.